ತಲೆಯ ಮೇಲಿನ ಮೂರನೆಯ ಕಣ್ಣು

ಪರಶಿವನ ಮೂರನೆಯ ಕಣ್ಣು ಹಣೆಯಲ್ಲಿದೆಯೆಂಬುದು ಸರ್ವವಿದಿತ. ಅದು ಎಲ್ಲಿರಬೇಕೆಂಬ ಚರ್ಚೆ ಕೈಲಾಸದಲ್ಲಿ ಎಂದೂ ನಡೆದಂತಿಲ್ಲ. ಆದರೆ ವಿಮಾನದಿಂದ ಬಯಲಿಗೆ ಧುಮುಕಿ, ಬೀಳುತ್ತ ಬೀಳುತ್ತಲೇ ಚಿತ್ರ ತೆಗೆಯುವ ಮಾನವನಿಗೆ ಈ ಚರ್ಚೆ ತಪ್ಪಿದ್ದಲ್ಲ. ಅವನ ಮೂರನೆಯ ಕಣ್ಣೆಂದರೆ ಶಿರಸ್ತ್ರಾಣಕ್ಕೆ ಬಿಗಿದ ಕ್ಯಾಮೆರಾ. ಅದನ್ನು ನೆತ್ತಿಯ ಮೇಲೆ ಕೂರಿಸಬೇಕೇ, ಕಿವಿಯ ಪಕ್ಕದಲ್ಲೇ, ಗದ್ದದ ಮುಂದೆಯೇ? ಕೇಳುವುದಕ್ಕೆ ಇದು ಅಲಂಕಾರದ ಪ್ರಶ್ನೆ. ಆದರೆ ಅದರ ಉತ್ತರದ ಮೇಲೆ ಒಮ್ಮೊಮ್ಮೆ ಪ್ರಾಣವೇ ನಿಂತಿರುತ್ತದೆ.

ಕ್ಯಾಮೆರಾ ತಲೆಯನ್ನೇ ಏರಬೇಕೇಕೆ? ಸುಮಾರು 13,000 ಅಡಿ ಎತ್ತರದಿಂದ ಧುಮುಕಿದವನು ಕೊಡೆ ಬಿಚ್ಚುವ ಮುನ್ನ ಒಂದು ನಿಮಿಷದಷ್ಟು ಕಾಲ ಗಂಟೆಗೆ 190 ಕಿಲೋಮೀಟರು ವೇಗದಲ್ಲಿ ಬೀಳುತ್ತಾನೆ. ಆಗ ಅವನ ಕೈಗಳೇ ರೆಕ್ಕೆ, ಅವೇ ಚುಕ್ಕಾಣಿ. ಕ್ಯಾಮೆರಾ ಹಿಡಿಯಲು ಒಂದು ಕೈಯನ್ನು ಮಡಚಿದರೆ ಸಾಕು, ದೇಹ ಗರಗರನೆ ತಿರುಗತೊಡಗೀತು. ಆದುದರಿಂದ ನೋಟ ಹೋದತ್ತ ಹೋಗುವ ತಲೆಯೇ ಕ್ಯಾಮೆರಾಕ್ಕೆ ತಕ್ಕ ಪೀಠವಾಯಿತು. ಸ್ಥಿರಚಿತ್ರ ತೆಗೆಯುವವರು ಗುಂಡಿಯನ್ನು ಹಲ್ಲುಗಳ ನಡುವೆ ಕಚ್ಚಿಕೊಂಡು, ನಾಲಗೆಯಿಂದಲೋ ಹಲ್ಲಿನಿಂದಲೋ ಒತ್ತುವುದೂ ಉಂಟು!

ಈ ವಿದ್ಯೆಗೆ ಹೆಸರು ತಂದವರಲ್ಲಿ ಅಮೆರಿಕದ ಕಾರ್ಲ್ ಬೋನಿಷ್ ಪ್ರಮುಖ. 1969ರಲ್ಲಿ ತೆರೆಕಂಡ 'ದಿ ಜಿಪ್ಸಿ ಮಾತ್ಸ್' ಚಿತ್ರದ ಆಕಾಶದೃಶ್ಯಗಳಿಗಾಗಿ ಅವನು ಕ್ಯಾಮೆರಾವನ್ನು ತಲೆಗೆ ಕಟ್ಟಿಕೊಂಡು ಧುಮುಕಿದ. ಅಂದಿನ ಕ್ಯಾಮೆರಾಗಳು ಹೊರಲಾಗದಷ್ಟು ಭಾರ. ಇಂದಿನ ಪುಟ್ಟ ಕ್ಯಾಮೆರಾ ಅಂಗೈಯಲ್ಲಿ ಅಡಗುತ್ತದೆ. ತೂಕ 150 ಗ್ರಾಂ ಆಸುಪಾಸು. ಭಾರವೇನೋ ಇಳಿಯಿತು. ಸ್ಥಳದ ಪ್ರಶ್ನೆ ಮಾತ್ರ ಉಳಿಯಿತು.

ಮೂರು ಸ್ಥಾನಗಳು

ಮೊದಲನೆಯದು ನೆತ್ತಿ. ಇಲ್ಲಿ ನೋಟಕ್ಕೆ ಅಡ್ಡಿಯಿಲ್ಲ. ಭಾರ ಎಡಬಲಗಳಿಗೆ ಸಮನಾಗಿ ಹಂಚಿಹೋಗುತ್ತದೆ. ಆದರೆ ಕುತ್ತಿಗೆಯಿಂದ ಅತಿ ದೂರದ ಸ್ಥಳವೂ ಇದೇ. ಸನ್ನೆಗೋಲು ಉದ್ದವಾದಷ್ಟೂ ಬಲ ಹೆಚ್ಚೆಂಬುದು ಶಾಲೆಯ ಪಾಠ. ತಲೆ ತುಸು ವಾಲಿದ್ದಾಗ ಕೊಡೆ ಫಕ್ಕನೆ ಬಿಚ್ಚಿಕೊಂಡರೆ, ನೆತ್ತಿಯ ಭಾರ ಕುತ್ತಿಗೆಯನ್ನೇ ಸನ್ನೆಗೋಲು ಮಾಡಿಕೊಳ್ಳುತ್ತದೆ.

ಎರಡನೆಯದು ಕಿವಿಯ ಪಕ್ಕ. ಇಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಹತ್ತಿರ, ಕುತ್ತಿಗೆಗೂ ಹತ್ತಿರ. ಆದರೆ ತಕ್ಕಡಿಯ ಒಂದೇ ತಟ್ಟೆಗೆ ತೂಕ ಹಾಕಿದಂತೆ ತಲೆ ಒಂದು ಮಗ್ಗುಲಿಗೆ ಎಳೆಯುತ್ತದೆ. ಇನ್ನೊಂದು ಪಕ್ಕಕ್ಕೆ ಅಷ್ಟೇ ತೂಕವನ್ನು ಕಟ್ಟಿ ಸಮತೋಲ ತರಬಹುದು. ಆದರೆ ಒಟ್ಟು ಹೊರೆ ಇಮ್ಮಡಿಯಾಗುತ್ತದೆ. ಸಾಲದುದಕ್ಕೆ, ವಿಮಾನದ ಕಿರುಬಾಗಿಲನ್ನು ದಾಟುವಾಗ ಅದು ಚೌಕಟ್ಟಿಗೆ ಬಡಿಯಬಹುದು. ಭುಜದಿಂದ ಮೇಲೇಳುವ ಪಟ್ಟಿಗಳೂ ಕಿವಿಯ ಬಳಿಯಲ್ಲೇ ಹಾಯುತ್ತವೆ.

ಮೂರನೆಯದು ಗದ್ದದ ಮುಂಭಾಗ. ಮುಖವನ್ನೆಲ್ಲ ಮುಚ್ಚುವ ಶಿರಸ್ತ್ರಾಣಗಳಿಗೂ ಪುಟ್ಟ ಕ್ಯಾಮೆರಾಗಳಿಗೂ ಇದು ಒಪ್ಪುತ್ತದೆ. ಕಣ್ಣು ಕಂಡದ್ದನ್ನು ಬಹುಮಟ್ಟಿಗೆ ಕ್ಯಾಮೆರಾವೂ ಕಾಣುತ್ತದೆ. ದೋಷವೆಂದರೆ, ಅಪಾಯದಲ್ಲಿ ಎಳೆಯಬೇಕಾದ ಹಿಡಿಗಳಿರುವುದು ಎದೆಯ ಮೇಲೆ. ತಲೆ ತಗ್ಗಿಸಿ ಹುಡುಕುವ ಹೊತ್ತಿನಲ್ಲಿ ಕ್ಯಾಮೆರಾವೇ ಅವನ್ನು ಮರೆಮಾಡಿದರೆ ಗತಿಯೇನು?

ಸ್ಥಳ ಯಾವುದೇ ಆಗಲಿ, ಗುರಿ ಸರಿಯಿರಬೇಕು. ಅದಕ್ಕಾಗಿ ಅನೇಕರು ಒಂದು ಕಣ್ಣಿನ ಮುಂದೆ ಗುರಿಬಳೆಯನ್ನು ಕೂರಿಸಿಕೊಂಡು, ನೆಲದ ಮೇಲೆಯೇ ಕ್ಯಾಮೆರಾವನ್ನು ಅದಕ್ಕೆ ಹೊಂದಿಸುತ್ತಾರೆ. ಹತ್ತು ಡಿಗ್ರಿ ವ್ಯತ್ಯಾಸವಾದರೆ ಮೂರು ಮೀಟರು ದೂರದಲ್ಲಿ ಗುರಿ ಅರ್ಧ ಮೀಟರು ತಪ್ಪುತ್ತದೆ. ಮಗ್ಗುಲಲ್ಲಿ ಬೀಳುತ್ತಿರುವ ಗೆಳೆಯನ ನಗುಮುಖದ ಬದಲು ಅವನ ಪಾದರಕ್ಷೆ ಮಾತ್ರ ಚಿತ್ರಕ್ಕೆ ಬಂದೀತು.

ಮೂಗಿಗಿಂತ ಮೂಗುತಿ ಭಾರ

ನಿಜವಾದ ಪರೀಕ್ಷೆ ಕೊಡೆ ಬಿಚ್ಚುವ ಗಳಿಗೆಯಲ್ಲಿ. ಮೂರು-ನಾಲ್ಕು ಸೆಕೆಂಡುಗಳಲ್ಲಿ ವೇಗ ಉಡುಗಿಹೋಗುತ್ತದೆ. ಆಗ ಪ್ರತಿಯೊಂದು ವಸ್ತುವೂ ತನ್ನ ತೂಕದ ಹಲವು ಮಡಿ ಭಾರವಾಗುತ್ತದೆ. ನಾಲ್ಕು ಮಡಿಯೆಂದರೂ ಅರ್ಧ ಕಿಲೋ ಕ್ಯಾಮೆರಾ ಎರಡು ಕಿಲೋ ಆಯಿತು. ಅಷ್ಟನ್ನೂ ಹೊರಬೇಕಾದುದು ಕುತ್ತಿಗೆಯ ಎಲುಬು.

ಇದಕ್ಕೂ ಮಿಗಿಲಾದ ಭಯ ದಾರಗಳದು. ಕೊಡೆಯ ದಾರಗಳು ಬೆನ್ನಿನಿಂದ ಹೊರಟು ತಲೆಯ ಹಿಂಬದಿಯಲ್ಲೇ ಮೇಲಕ್ಕೆ ಚಿಮ್ಮುತ್ತವೆ. ಆಗ ಕ್ಯಾಮೆರಾದ ಮೂಲೆ, ತಿರುಪು, ಸಂದು ಯಾವುದಾದರೂ ಒಂದು ದಾರವನ್ನು ಕೊಕ್ಕೆಯಂತೆ ಹಿಡಿದೀತು. ಮುಳ್ಳುಬೇಲಿಗೆ ಸೆರಗು ಸಿಕ್ಕಿದಂತೆ. ಆದರೆ ನಿಂತು ಬಿಡಿಸಿಕೊಳ್ಳಲು ಕಾಲಡಿಗೆ ನೆಲವಿಲ್ಲ. ಆದಕಾರಣ ಬಲ್ಲವರು ಸಂದುಗಳನ್ನು ಮುಚ್ಚುತ್ತಾರೆ, ಮೂಲೆಗಳನ್ನು ನುಣುಪಾಗಿಸುತ್ತಾರೆ. ಗದ್ದದ ಪಟ್ಟಿಗೆ ಒಂದೇ ಕೈಯಿಂದ ತಟ್ಟನೆ ಬಿಚ್ಚುವ ಕೊಂಡಿ ಹಾಕಿ, ಕೈಗವಸು ತೊಟ್ಟೇ ಅದನ್ನು ಬಿಚ್ಚುವ ಅಭ್ಯಾಸ ಮಾಡುತ್ತಾರೆ. ದಾರ ಸಿಕ್ಕಿಕೊಂಡಿತೆಂದರೆ ಶಿರಸ್ತ್ರಾಣವನ್ನೇ ಕಳಚಿ ಎಸೆಯುವುದು. ಕ್ಯಾಮೆರಾ ಹೋದರೆ ಮತ್ತೊಂದು ಕೊಳ್ಳಬಹುದು, ಕೊರಳಿಗೆ ಬದಲಿಯಿಲ್ಲ.

ಕಣ್ಣಿಗೆ ಕಾಣದ ಭಾರ

ಕ್ಯಾಮೆರಾ ಹೊರಿಸುವ ಇನ್ನೊಂದು ಭಾರವನ್ನು ಯಾವ ತಕ್ಕಡಿಯೂ ತೂಗಲಾರದು. 1988ರ ಏಪ್ರಿಲ್‌ನಲ್ಲಿ ಅಮೆರಿಕದ ಉತ್ತರ ಕರೋಲಿನಾದಲ್ಲಿ, 800ಕ್ಕೂ ಹೆಚ್ಚು ಬಾರಿ ಧುಮುಕಿ ನುರಿತಿದ್ದ ಒಬ್ಬನು ಇತರರ ಜಿಗಿತವನ್ನು ಚಿತ್ರಿಸಲು ವಿಮಾನವೇರಿದ. ಕ್ಯಾಮೆರಾ ತಲೆಗೆ ಬಿಗಿದಿತ್ತು. ಚಿತ್ರವನ್ನು ದಾಖಲಿಸುವ ಯಂತ್ರವೂ ಮೈಮೇಲಿತ್ತು. ಪ್ಯಾರಾಷೂಟ್ ಮಾತ್ರ ಇರಲಿಲ್ಲ. ಅದನ್ನರಿಯದೆಯೇ ಅವನು ಬಾಗಿಲಿನಿಂದ ಹೊರಕ್ಕೆ ಧುಮುಕಿದ, ಬದುಕಲಿಲ್ಲ. ಆ ಯಂತ್ರದ ಭಾರವನ್ನೇ ಪ್ಯಾರಾಷೂಟಿನ ಭಾರವೆಂದು ಭಾವಿಸಿರಬೇಕೆಂದು ಆಗ ಊಹಿಸಲಾಯಿತು. ಸಾಮರ್ಥ್ಯಕ್ಕೆ ಕೊರತೆಯಿಲ್ಲದ ಆ ಮನುಷ್ಯನ ಗಮನವನ್ನೆಲ್ಲ ಕ್ಯಾಮೆರಾ ನುಂಗಿಬಿಟ್ಟಿತ್ತು.

ಅಮೆರಿಕದ ಪ್ಯಾರಾಷೂಟ್ ಸಂಘವು, ಕನಿಷ್ಠ 200 ಜಿಗಿತಗಳ ಅನುಭವವಾಗುವವರೆಗೂ ಕ್ಯಾಮೆರಾ ಕಟ್ಟಿಕೊಳ್ಳದಿರುವುದು ಲೇಸೆಂದು ಸಲಹೆ ಮಾಡುವುದು ಇಂಥ ಕಾರಣಗಳಿಂದಲೇ. ಯಂತ್ರ ಚಿಕ್ಕದಾಯಿತೆಂದು ತರುಣರಿಗೆ ಈ ಮಾತು ಅತಿಯೆನಿಸೀತು. ಆದರೆ ಎತ್ತರವೆಷ್ಟು, ಸುತ್ತಲೂ ಯಾರಿದ್ದಾರೆ, ಕೊಡೆ ಬಿಚ್ಚುವ ವೇಳೆಯಾಯಿತೇ ಎಂಬುವು ಯೋಚಿಸದೆಯೇ ಹೊಳೆಯುವಷ್ಟು ಅಭ್ಯಾಸವಾದ ಮೇಲಷ್ಟೇ ಮನಸ್ಸಿನಲ್ಲಿ ಚಿತ್ರಕ್ಕೆ ಎಡೆಯುಂಟು.

ಪರದೇಶದಲ್ಲಿರುವ ಮಗನೋ ಮಗಳೋ ಆಕಾಶದಿಂದ ಧುಮುಕಿದ ಚಿತ್ರವನ್ನು ಕಳುಹಿಸಿದಾಗ ಮನೆಮಂದಿ ಮೊದಲು ಬೆಚ್ಚುತ್ತಾರೆ, ಅನಂತರ ಹಿಗ್ಗುತ್ತಾರೆ. ಅಂಥ ಚಿತ್ರದಲ್ಲಿ ಎಂದೂ ಕಾಣಿಸಿಕೊಳ್ಳದ ಒಬ್ಬನು ಅದರ ಹಿಂದೆ ಇರುವುದುಂಟು. ಅವನೂ ಅದೇ ಎತ್ತರದಿಂದ, ಅದೇ ವೇಗದಲ್ಲಿ ಬಿದ್ದವನು. ಮೂರನೆಯ ಕಣ್ಣನ್ನು ಎಲ್ಲಿ ಕೂರಿಸಬೇಕೆಂಬುದಕ್ಕೆ ಅವನಲ್ಲಿರುವ ಉತ್ತರ ಇಷ್ಟೇ: ಅದು ಉಳಿದೆರಡು ಕಣ್ಣುಗಳನ್ನು ಮುಚ್ಚದಂತಿರಬೇಕು.