ಹಳೇ ಡೀಸೆಲ್ ಕಾರು: ಆಯಿಲ್ ಕಪ್ಪಗಿದ್ದರೆ ಎಂಜಿನ್ ಹೋಗಿದೆ ಎಂದೇ?

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸಲಹೆಗಳಲ್ಲಿ ಒಂದು ಹೀಗಿದೆ: ಆಯಿಲ್ ಕಡ್ಡಿ ಎಳೆದು ನೋಡಿ, ಕಪ್ಪಗಿದ್ದರೆ ಆ ಕಾರು ಬೇಡ. ಡೀಸೆಲ್ ಕಾರಿನ ಮಟ್ಟಿಗೆ ಇದು ತಪ್ಪು. ಡೀಸೆಲ್ ಉರಿಯುವಾಗ ಮಸಿ ಹುಟ್ಟುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವುದೂ ಆಯಿಲ್‌ನ ಕೆಲಸವೇ. ಹೊಸ ಆಯಿಲ್ ಹಾಕಿಸಿದ ಕೆಲವೇ ದಿನಗಳಲ್ಲಿ ಅದು ಕಪ್ಪಾಗುತ್ತದೆ. ಹೆದರಬೇಕಾದದ್ದು ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡಾಗ. ನೀರು ಸೇರಿದಾಗ ಆ ಬಣ್ಣ ಬರುತ್ತದೆ.

ನೀರಿನ ಮಾತು ನಂಜನಗೂಡು, ತಿ. ನರಸೀಪುರದ ಕಡೆಯವರಿಗೆ ಹೊಸದಲ್ಲ. ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಪಿಲೆ ಉಕ್ಕಿ, 2018 ಮತ್ತು 2019ರಲ್ಲಿ ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ಹೆದ್ದಾರಿಯ ಮೇಲೇ ಹರಿದಿತ್ತು. ಅದೇ ನೀರು ಮುಂದೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಪ್ರವಾಹದಲ್ಲಿ ನಿಂತ ಕಾರನ್ನು ತೊಳೆದು ಪಾಲಿಶ್ ಹೊಡೆದರೆ ಹೊರಗಿನಿಂದ ಏನೂ ಗೊತ್ತಾಗದು. ಹಾಗಾಗಿ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗಿನ ತುದಿಯನ್ನು ಯಾರೂ ತೊಳೆಯುವುದಿಲ್ಲ, ಮಣ್ಣಿನ ಕಲೆ ಅಲ್ಲೇ ಉಳಿದಿರುತ್ತದೆ. ಸ್ಟೆಪ್ನಿ ಇಡುವ ಗುಂಡಿ, ಕಾಲಡಿಯ ಕಾರ್ಪೆಟ್‌ನ ತಳ, ಸೀಟಿನ ಕೆಳಗಿನ ಬೋಲ್ಟ್‌ಗಳ ತುಕ್ಕನ್ನೂ ನೋಡಿ. ಮೂಗಿಗೂ ಸ್ವಲ್ಪ ಕೆಲಸ ಕೊಡಿ.

ಇಷ್ಟೊಂದು ಹುಡುಕಾಟ ಏಕೆಂದರೆ, ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗದು. ಏರ್ ಫಿಲ್ಟರ್ ಮೂಲಕ ನೀರು ಸಿಲಿಂಡರಿಗೆ ಹೊಕ್ಕಾಗ ಸೆಲ್ಫ್ ಹೊಡೆದರೆ ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ವಲ್ಪವೇ ಬಾಗಿದ್ದರೆ ಕಾರು ಓಡುತ್ತಲೂ ಇರಬಹುದು. ಮಾರುವವರಿಗೆ ಅಷ್ಟು ಸಾಕು.

ಕಾರು ನೋಡಲು ಬೆಳಿಗ್ಗೆಯೇ ಹೋಗಿ, ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ಹೇಳಿ. ಬಾನೆಟ್ ಮುಟ್ಟಿದಾಗ ಬಿಸಿಯಿದ್ದರೆ ಮಾತು ನಡೆದಿಲ್ಲ ಎಂದಾಯಿತು. ತಣ್ಣಗಿನ ಎಂಜಿನ್ ಮೊದಲ ಕೆಲವು ಕ್ಷಣ ಬಿಳಿ ಹೊಗೆ ಬಿಟ್ಟರೆ ಚಿಂತೆಯಿಲ್ಲ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ದಟ್ಟ ಕಪ್ಪು ಹೊಗೆಗೆ ಕಟ್ಟಿದ ಏರ್ ಫಿಲ್ಟರ್ ಕಾರಣವಿರಬಹುದು, ಇಂಜೆಕ್ಟರ್ ಅಥವಾ ಟರ್ಬೊ ಕೂಡ ಇರಬಹುದು. ಮೊದಲನೆಯದು ಕೆಲವು ನೂರು ರೂಪಾಯಿಯ ಮಾತು, ಉಳಿದೆರಡು ಸಾವಿರಗಳದ್ದು.

'ಇದು ಚೈನ್ ಎಂಜಿನ್, ಖರ್ಚೇ ಇಲ್ಲ' ಎಂಬುದು ಇನ್ನೊಂದು ಮಾತು. ಸ್ವಿಫ್ಟ್, ರಿಟ್ಜ್, ಪುಂಟೊಗಳಲ್ಲಿದ್ದ ಫಿಯಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್‌ಗೆ ಟೈಮಿಂಗ್ ಚೈನ್ ಇರುವುದು ನಿಜ. ಆದರೆ ಆಯಿಲ್ ಬದಲಿಸದೆ ಓಡಿಸಿದರೆ ಅದೂ ಜಗ್ಗುತ್ತದೆ. ಬೆಲ್ಟ್ ಇರುವ ಕಾರಾದರೆ ಬದಲಿಸಿದ ಬಿಲ್ ಕೇಳಿ.

ಮೈಲೇಜ್‌ಗಾಗಿ ಸೀಮೆಎಣ್ಣೆ ಬೆರೆಸಿ ಎನ್ನುವ ಫಾರ್ವರ್ಡ್ ಕಂಡರೆ ಅಲ್ಲೇ ಅಳಿಸಿ. ಇಂಜೆಕ್ಷನ್ ಪಂಪ್‌ಗೆ ಜಾರಿಕೆ ಕೊಡುವುದು ಡೀಸೆಲ್ಲೇ. ಸೀಮೆಎಣ್ಣೆಗೆ ಆ ಗುಣ ಕಡಿಮೆ, ಪಂಪ್ ಸವೆಯುತ್ತದೆ.

ಹತ್ತು ವರ್ಷವಾದ ಡೀಸೆಲ್ ಕಾರು ಗುಜರಿಗೆ ಎಂಬ ಸಂದೇಶವೂ ಅರ್ಧ ಸತ್ಯ. 2015ರ ಹಸಿರು ನ್ಯಾಯಮಂಡಳಿಯ ಆದೇಶ, 2018ರ ಸುಪ್ರೀಂ ಕೋರ್ಟ್ ಆದೇಶ ದೆಹಲಿ ರಾಜಧಾನಿ ವಲಯಕ್ಕೆ ಸಂಬಂಧಿಸಿದವು. ನಮ್ಮಲ್ಲಿ ಖಾಸಗಿ ಕಾರಿನ ಆರ್‌ಸಿಗೆ 15 ವರ್ಷ ಬಾಳಿಕೆ, ಆಮೇಲೆ ಫಿಟ್‌ನೆಸ್ ತೋರಿಸಿ ನವೀಕರಿಸಬೇಕು. ದೆಹಲಿಯಿಂದ ಅಗ್ಗಕ್ಕೆ ಬಂದ ಕಾರಾದರೆ ಎನ್‌ಒಸಿ ಮತ್ತು ಕರ್ನಾಟಕದ ರಸ್ತೆ ತೆರಿಗೆ ಕಟ್ಟಿದ ರಸೀದಿ ನೋಡದೆ ಮುಂಗಡ ಕೊಡಬೇಡಿ.