ನ್ಯಾಯಪೀಠಕ್ಕೆ ಹೆಸರು ಸೂಚಿಸುವವರು ಯಾರು?

ಹಣ ಸಂಗ್ರಹಿಸಿ, ಪ್ರಚಾರ ಮಾಡಿ, ಮತ ಕೇಳಿ ಗೆದ್ದವರು ನ್ಯಾಯಾಧೀಶರಾಗುತ್ತಾರೆ ಎಂದರೆ ನಮ್ಮಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ಅಮೆರಿಕದ ಹಲವು ರಾಜ್ಯಗಳಲ್ಲಿ ಇದು ಹಳೆಯ ರೂಢಿ. ಫೆಡರಲ್ ನ್ಯಾಯಾಧೀಶರನ್ನು ಅಲ್ಲಿನ ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪುತ್ತದೆ. ರಾಜ್ಯ ನ್ಯಾಯಾಲಯಗಳಿಗೆ ಮಾತ್ರ ಒಂದೊಂದು ರಾಜ್ಯದಲ್ಲಿ ಒಂದೊಂದು ಪದ್ಧತಿ.

ಈ ಚುನಾವಣೆಗಳಿಂದ ಬೇಸತ್ತ ಮಿಸೌರಿ ರಾಜ್ಯದ ಮತದಾರರು 1940ರಲ್ಲಿ ಹೊಸ ದಾರಿ ಹಿಡಿದರು. ಆಯೋಗವೊಂದು ಅರ್ಹರನ್ನು ಪರಿಶೀಲಿಸಿ ಮೂವರ ಹೆಸರನ್ನು ಗವರ್ನರ್‌ಗೆ ಕಳುಹಿಸುತ್ತದೆ. ಅವರಲ್ಲಿ ಒಬ್ಬರನ್ನು ಗವರ್ನರ್ ನೇಮಿಸುತ್ತಾರೆ. ಈ ನ್ಯಾಯಾಧೀಶರು ಮುಂದುವರಿಯಬೇಕೇ ಬೇಡವೇ ಎಂದು ನಂತರ ಜನರು ಮತ ಹಾಕುತ್ತಾರೆ.

ನೆರೆಯ ಕಾನ್ಸಾಸ್ ಇದನ್ನು ಒಪ್ಪಿದ್ದು ಒಂದು ನಾಚಿಕೆಗೇಡಿನ ಪ್ರಸಂಗದ ನಂತರ. 1956ರಲ್ಲಿ ಪಕ್ಷದೊಳಗಿನ ಚುನಾವಣೆಯಲ್ಲಿ ಸೋತ ಗವರ್ನರ್ ಫ್ರೆಡ್ ಹಾಲ್, ಅವಧಿ ಮುಗಿಯುವ ಕೆಲವೇ ದಿನ ಮೊದಲು ರಾಜೀನಾಮೆ ಕೊಟ್ಟರು. ಅಷ್ಟರಲ್ಲಿ ಮುಖ್ಯ ನ್ಯಾಯಮೂರ್ತಿಯೂ ಹುದ್ದೆ ಬಿಟ್ಟಿದ್ದರು. ಗವರ್ನರ್ ಸ್ಥಾನಕ್ಕೇರಿದ ಉಪ ಗವರ್ನರ್, ಹಾಲ್ ಅವರನ್ನೇ ರಾಜ್ಯದ ಸುಪ್ರೀಂ ಕೋರ್ಟಿಗೆ ನೇಮಿಸಿದರು! ಇದು ನಡೆದದ್ದು 1957ರ ಜನವರಿಯಲ್ಲಿ. 1958ರಲ್ಲಿ ಜನರು ಆಯೋಗ ಪದ್ಧತಿಗೆ ಮತ ನೀಡಿದರು.

ಆ ಆಯೋಗದಲ್ಲಿ 9 ಸದಸ್ಯರು. ವಕೀಲರು ತಮ್ಮೊಳಗಿನಿಂದ 5 ಮಂದಿಯನ್ನು ಆರಿಸುತ್ತಾರೆ. ವಕೀಲರಲ್ಲದ 4 ಮಂದಿಯನ್ನು ಗವರ್ನರ್ ನೇಮಿಸುತ್ತಾರೆ. ಬಹುಮತ ವಕೀಲರದ್ದು, ಸಾಮಾನ್ಯ ಪ್ರಜೆಯ ಮಾತಿಗೆ ಬೆಲೆ ಎಲ್ಲಿ ಎಂಬುದು ಟೀಕಾಕಾರರ ಪ್ರಶ್ನೆ. ಈ ಪ್ರಶ್ನೆ ನ್ಯಾಯವಾದುದೇ. ಆದರೆ ಅಲ್ಲಿನ ಶಾಸನಸಭೆ 2025ರಲ್ಲಿ ಸೂಚಿಸಿದ ಪರಿಹಾರ ನೇರ ಚುನಾವಣೆ. ಅದನ್ನು 2026ರ ಆಗಸ್ಟ್‌ನಲ್ಲಿ ಜನಮತಕ್ಕೆ ಇಡಲು ಸಭೆ ತೀರ್ಮಾನಿಸಿತು.

ಈ ಒತ್ತಾಯದ ಹಿಂದೆ 2019ರ ತೀರ್ಪಿನ ನೆನಪೂ ಇದೆ. ಗರ್ಭಪಾತದ ಹಕ್ಕಿಗೆ ರಾಜ್ಯ ಸಂವಿಧಾನದಲ್ಲಿ ರಕ್ಷಣೆ ಇದೆ ಎಂದು ಕಾನ್ಸಾಸ್ ಸುಪ್ರೀಂ ಕೋರ್ಟ್ ಅಂದು ಹೇಳಿತು. ಜೀವದ ಪಾವಿತ್ರ್ಯವನ್ನು ನಂಬುವ ನಮಗೆ ಆ ತೀರ್ಪು ನೋವಿನದು. ಆದರೂ ಒಂದು ತೀರ್ಪಿನ ಮೇಲಿನ ಸಿಟ್ಟಿನಿಂದ ನ್ಯಾಯಪೀಠಕ್ಕೆ ಹೋಗುವ ಬಾಗಿಲನ್ನೇ ಬದಲಿಸುವುದು ಜಾಣತನವೇ? ಇಂದು ನಮ್ಮವರಿಗೆ ತೆರೆದ ಬಾಗಿಲಿನಿಂದ ನಾಳೆ ಹಣವಂತರೂ ಒಳಬರುತ್ತಾರೆ. 2025ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟಿನ ಒಂದೇ ಸ್ಥಾನದ ಚುನಾವಣೆಗೆ 9 ಕೋಟಿ ಡಾಲರಿಗಿಂತ ಹೆಚ್ಚು ಖರ್ಚಾಯಿತು. ಅಷ್ಟು ಹಣ ಸುರಿದವರ ಮೊಕದ್ದಮೆ ಬಂದಾಗ ಎದುರು ಪಕ್ಷದ ಬಡವನಿಗೆ ನಂಬಿಕೆ ಉಳಿದೀತೇ?

ನಮ್ಮ ದೇಶದಲ್ಲೂ ಇದೇ ತೊಡಕು ಬೇರೆ ರೂಪದಲ್ಲಿದೆ. ಕೊಲಿಜಿಯಂ ಬದಲಿಗೆ, ಕಾನೂನು ಸಚಿವರನ್ನೂ ಒಳಗೊಂಡ 6 ಮಂದಿಯ ಆಯೋಗವನ್ನು ಸಂಸತ್ತು 2014ರಲ್ಲಿ ರೂಪಿಸಿತು. 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟ್ 4-1ರ ಬಹುಮತದಿಂದ ಅದನ್ನು ರದ್ದುಮಾಡಿತು. ಆದರೆ ಹೆಸರುಗಳನ್ನು ಮುಚ್ಚಿದ ಕೋಣೆಯಲ್ಲಿ ಆರಿಸುತ್ತಾರೆ ಎಂಬ ದೂರು ಅದರಿಂದ ಮುಗಿಯಲಿಲ್ಲ.

ಮನೆ ಸೋರಿದರೆ ಹೆಂಚು ಬದಲಿಸಬೇಕೇ ಹೊರತು ಗೋಡೆ ಕೆಡವಬಾರದು. ಆಯೋಗದಲ್ಲಿ ವಕೀಲರಲ್ಲದವರ ಸಂಖ್ಯೆ ಹೆಚ್ಚಲಿ. ಹೆಸರು ಆರಿಸಿದ ಕಾರಣಗಳನ್ನು ಜನರ ಮುಂದೆ ಇಡಲಿ. ನ್ಯಾಯಾಧೀಶರು ನಮಗೆ ಬೇಕಾದ ತೀರ್ಪು ಕೊಡುವವರಾಗಿರಬೇಕೆಂದು ಕೇಳುವ ಹಕ್ಕು ನಮಗಿಲ್ಲ. ಯಾರ ಋಣದಲ್ಲೂ ಇಲ್ಲದವರಾಗಿರಬೇಕೆಂದು ಕೇಳುವ ಹಕ್ಕು ಎಲ್ಲರಿಗೂ ಇದೆ.