ಪಾಠಯೋಜನೆಯಲ್ಲಿಲ್ಲದ ಪ್ರಶ್ನೆ

ಎಂಟನೇ ತರಗತಿಯ 'ಶಬ್ದ' ಪಾಠಕ್ಕೆ ಪೀಠಿಕೆಯಾಗಿ ಲಂಡನ್ನಿನ ಈಸ್ಟ್ 17 ತಂಡದ 'ಸ್ಟೇ ಅನದರ್ ಡೇ' ಕೇಳಿಸಿದೆ. ಕೊನೆಯಲ್ಲಿ ಗಂಟೆಗಳು ಮೊಳಗುತ್ತವೆ. ಕಂಪನ ವಿವರಿಸಲು ಸುಲಭವೆಂಬ ಲೆಕ್ಕಾಚಾರ. 1994ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನದಲ್ಲಿದ್ದ ಹಾಡು. ಹಬ್ಬದ ಪ್ರೇಮಗೀತೆ ಎಂದೇ ಪರಿಚಯಿಸಿದೆ.

"ಮಿಸ್, ಇವರ ಮನೇಲಿ ಯಾರಾದ್ರೂ ಹೋಗ್ಬಿಟ್ರಾ?" ಎಂದಳು ಹಿಂದಿನ ಬೆಂಚಿನ ಹುಡುಗಿ. ಗಡಿಯಾರ ನೋಡಿ ನಾನು ಆವೃತ್ತಿಗೆ ಜಾರಿದೆ.

ಟೋನಿ ಮಾರ್ಟಿಮರ್ ಇದನ್ನು ಬರೆದದ್ದು ಆತ್ಮಹತ್ಯೆ ಮಾಡಿಕೊಂಡ ಸಹೋದರನ ನೆನಪಿನಲ್ಲಿ ಎಂದು ಓದಿದ್ದು ಆ ರಾತ್ರಿ. ಇಂಗ್ಲಿಷ್ ಅಷ್ಟಾಗಿ ಬಾರದವಳಿಗೆ ರಾಗವೇ ಹೇಳಿತ್ತು!

ನನ್ನ ವೀಕ್ಷಣಾ ಹಾಳೆಯಲ್ಲಿ 'ಸಮಯಪಾಲನೆ ಉತ್ತಮ' ಎಂದಿದೆ. ಮಗುವಿನ ಪ್ರಶ್ನೆಗೆ ನಿಂತ ಎರಡು ನಿಮಿಷಕ್ಕೂ ಅಲ್ಲಿ ಅಂಕವಿರಬೇಕು. ಸೋಮವಾರ ಅದೇ ತರಗತಿ. ಅವಳಿಗೆ ಎಷ್ಟು ಹೇಳಲಿ ಎಂದು ಇನ್ನೂ ಯೋಚಿಸುತ್ತಿದ್ದೇನೆ.